ಚಂದಾ ದರ ನಿಗದಿ ಮಾಡುವ ಮುನ್ನ ಪ್ರತಿಯನ್ನು ತೂಗಿ ನೋಡಬೇಕು

ಮಾನ್ಯ ಸಂಪಾದಕರೇ,

ಸಣ್ಣ ಪತ್ರಿಕೆಗಳು ಒಂದೊಂದಾಗಿ ನಿಂತುಹೋಗುತ್ತಿರುವ ಬಗ್ಗೆ ಮಾತು ಬಂದಾಗಲೆಲ್ಲ ಓದುಗರ ಕೊರತೆ, ಜಾಹೀರಾತಿನ ಕೊರತೆ, ಮೊಬೈಲಿನ ಹಾವಳಿ ಇವೇ ಕಾರಣಗಳು ಪ್ರಸ್ತಾಪವಾಗುತ್ತವೆ. ತುಮಕೂರಿನಲ್ಲಿ ಒಂದು ಮಾಸಪತ್ರಿಕೆಯ ರವಾನೆಯ ಕೆಲಸವನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ ಕಾಣುತ್ತದೆ. ಚಂದಾ ದರವನ್ನು ಗೊತ್ತುಪಡಿಸುವಾಗ ಅಚ್ಚಿನ ಮನೆಯ ಬಿಲ್ಲನ್ನು ಎಲ್ಲರೂ ನೋಡುತ್ತಾರೆ. ಕಾಗದದ ಸುತ್ತುಪಟ್ಟಿ ಸುತ್ತಿ, ವಿಳಾಸ ಅಂಟಿಸಿ, ಅಂಚೆಗೆ ಸಿದ್ಧವಾದ ಪ್ರತಿಯನ್ನು ತಕ್ಕಡಿಯ ಮೇಲಿಟ್ಟು ನೋಡುವವರು ತೀರ ಕಡಿಮೆ.

ಅಂಚೆ ಇಲಾಖೆಯಲ್ಲಿ ನೋಂದಾಯಿತವಾದ ಪತ್ರಿಕೆಗಳಿಗೆ ಬಹುಕಾಲದಿಂದ ನಡೆದುಬಂದಿರುವ ರಿಯಾಯಿತಿ ದರ ಎಷ್ಟೆಂಬುದು ಪತ್ರಿಕೆ ತರಿಸುವ ಚಂದಾದಾರರಲ್ಲೇ ಅನೇಕರಿಗೆ ಗೊತ್ತಿಲ್ಲ. ಬಿಡಿ ಪ್ರತಿಯ ತೂಕ 50 ಗ್ರಾಂ ಮೀರದಿದ್ದರೆ 25 ಪೈಸೆ, 50ರಿಂದ 100 ಗ್ರಾಂ ವರೆಗೆ 50 ಪೈಸೆ, ಆನಂತರದ ಪ್ರತಿ 100 ಗ್ರಾಂಗೆ 20 ಪೈಸೆ. ಇದೇ ಪ್ರತಿಯನ್ನು ಯಾವ ರಿಯಾಯಿತಿಯೂ ಇಲ್ಲದೆ ಸಾಧಾರಣ ಪತ್ರದ ದರದಲ್ಲಿ ಕಳುಹಿಸಿದರೆ ಪ್ರತಿ 20 ಗ್ರಾಂಗೆ 5 ರೂಪಾಯಿ ತೆರಬೇಕಾಗುತ್ತದೆ. ಈ ಎರಡು ದರಗಳ ನಡುವಿನ ಅಂತರದಲ್ಲೇ ಒಂದು ಸಣ್ಣ ಪತ್ರಿಕೆಯ ಅಳಿವು ಉಳಿವು ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. ಕಾಗದದ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ; ಎ4 ಹಾಳೆ ಆ ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಹಾಗಾಗಿ 60 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ 3.75 ಗ್ರಾಂ ತೂಗುತ್ತದೆ. ಒಳಪುಟಗಳು 24, ಅಂದರೆ 12 ಹಾಳೆ ಇದ್ದರೆ 45 ಗ್ರಾಂ ಆಯಿತು. ರಕ್ಷಾಪುಟಕ್ಕೆ 130 ಜಿಎಸ್‌ಎಂ ಆರ್ಟ್ ಪೇಪರ್ ಬಳಸಿದರೆ ಅದರ ಎರಡು ಹಾಳೆಗೆ ಇನ್ನೂ 16 ಗ್ರಾಂ, ಸುತ್ತುಪಟ್ಟಿ ಮತ್ತು ಅಂಟಿಗೆ ಎರಡು ಮೂರು ಗ್ರಾಂ. ಒಟ್ಟು 64 ಗ್ರಾಂ ಆಸುಪಾಸಿನ ಈ ಪ್ರತಿಗೆ ನೋಂದಾಯಿತ ದರದಲ್ಲಿ ವರ್ಷದ ಹನ್ನೆರಡು ಸಂಚಿಕೆಗೆ ತಗಲುವ ಅಂಚೆ ವೆಚ್ಚ 6 ರೂಪಾಯಿ. ಪತ್ರದ ದರದಲ್ಲಾದರೆ ಸಂಚಿಕೆಗೆ 20ರಂತೆ 240 ರೂಪಾಯಿ. ಅದೇ ಪುಟಗಳನ್ನು 45 ಜಿಎಸ್‌ಎಂ ನ್ಯೂಸ್‌ಪ್ರಿಂಟ್‌ನಲ್ಲಿ ಅಚ್ಚು ಹಾಕಿಸಿ ರಕ್ಷಾಪುಟವನ್ನು 90 ಜಿಎಸ್‌ಎಂಗೆ ಇಳಿಸಿದರೆ ಪಟ್ಟಿ ಸಮೇತ 48 ಗ್ರಾಂಗೆ ನಿಲ್ಲುತ್ತದೆ. ಆದರೆ ಕಾಗದ ತೇವ ಹೀರುತ್ತದೆ ಎಂಬುದನ್ನು ಮರೆಯಬಾರದು: ಬೇಸಿಗೆಯಲ್ಲಿ 49 ಗ್ರಾಂ ಇದ್ದ ಪ್ರತಿ ಮಳೆಗಾಲದಲ್ಲಿ 50ನ್ನು ದಾಟಿ, ಕೌಂಟರಿನಲ್ಲಿ ಇಡೀ ರವಾನೆಗೆ ಮೇಲಿನ ದರ ಬೀಳಬಹುದು. ಅಂಚಿಗೆ ಬಂದು ನಿಲ್ಲುವ ತೂಕವನ್ನು ನಂಬದೆ ಎರಡು ಮೂರು ಗ್ರಾಂ ಕೈಯಲ್ಲಿ ಉಳಿಸಿಕೊಂಡೇ ಕಾಗದವನ್ನು ಆರಿಸಬೇಕು.

ಬಿಡಿ ಪ್ರತಿಗೆ 20 ರೂಪಾಯಿ, ವಾರ್ಷಿಕ ಚಂದಾ 200 ರೂಪಾಯಿ ಎಂದು ಮುದ್ರಿಸುವ ರೂಢಿಯನ್ನು ಈ ಲೆಕ್ಕದ ಎದುರಿಗಿಟ್ಟು ನೋಡಬೇಕು. ಅಂಗಡಿಯ ಪ್ರತಿಗೆ ಏಜೆಂಟರ ಕಮಿಷನ್ ಹೋಗುತ್ತದೆ, ಮಾರಾಟವಾಗದ ಪ್ರತಿಗಳು ವಾಪಸು ಬರುತ್ತವೆ. ಚಂದಾದಾರನಾದರೋ ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟಿರುತ್ತಾನೆ. ಆದ್ದರಿಂದ ಅವನಿಗೆ ರಿಯಾಯಿತಿ ಕೊಡುವುದು ನ್ಯಾಯವೇ. ಆದರೆ ಆ ನ್ಯಾಯ ನಡೆಯುವುದು ಅಂಚೆ ನೋಂದಣಿ ಇರುವ ಪತ್ರಿಕೆಯಲ್ಲಿ ಮಾತ್ರ. ನೋಂದಣಿ ಇಲ್ಲದವರು 200 ರೂಪಾಯಿ ಪಡೆದು 240 ರೂಪಾಯಿಯ ಅಂಚೆಚೀಟಿ ಹಚ್ಚುವುದನ್ನು ನಾನೇ ಕಂಡಿದ್ದೇನೆ. ಅಂಥವರು ಪ್ರತಿಯ ಬೆಲೆ ಇಷ್ಟು, ಅಂಚೆ ವೆಚ್ಚ ಇಷ್ಟು ಎಂದು ಬೇರೆ ಬೇರೆಯಾಗಿ ಮುದ್ರಿಸಲಿ. ಓದುಗರು ತಪ್ಪು ತಿಳಿಯುವುದಿಲ್ಲ.

ಇನ್ನು ಆಜೀವ ಚಂದಾ. ಪತ್ರಿಕೆ ಆರಂಭವಾದಾಗ ಅಭಿಮಾನದಿಂದ ಬಂದ ಸಾವಿರ ಸಾವಿರ ರೂಪಾಯಿಗಳು ಕೈಗೆ ದೊಡ್ಡದಾಗಿಯೇ ಕಾಣುತ್ತವೆ. ಆ ಸಾವಿರವನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟು ಶೇ 6ರ ಬಡ್ಡಿ ಪಡೆದರೂ ವರ್ಷಕ್ಕೆ ಬರುವುದು 60 ರೂಪಾಯಿ, ಅಂದರೆ ಸಂಚಿಕೆಗೆ 5 ರೂಪಾಯಿ. ಅಷ್ಟರಲ್ಲಿ ಕಾಗದ, ಅಚ್ಚು, ಪಟ್ಟಿ, ಅಂಚೆ ಇಷ್ಟನ್ನೂ ಮುಗಿಸುವ ಪತ್ರಿಕೆ ಯಾವುದಿದೆ? ಎಷ್ಟೋ ಕಡೆ ಆ ಅಸಲೇ ಮೊದಲೆರಡು ವರ್ಷದಲ್ಲಿ ಖರ್ಚಾಗಿ, ಆಜೀವ ಸದಸ್ಯರ ಪ್ರತಿಗಳ ಭಾರವನ್ನು ಹೊಸ ಚಂದಾದಾರರು ಹೊರುತ್ತಿರುತ್ತಾರೆ. ಮೂರು ವರ್ಷಕ್ಕೆ ಅಥವಾ ಐದು ವರ್ಷಕ್ಕೆ ಎಂದು ಅವಧಿ ಗೊತ್ತುಮಾಡಿ ಹಣ ಪಡೆಯುವುದೇ ಮರ್ಯಾದೆಯ ದಾರಿ.

ದರದಷ್ಟೇ ಗಮನ ಬೇಕಾದದ್ದು ಪ್ರತಿಗಳನ್ನು ಸಿದ್ಧಪಡಿಸುವ ಕೆಲಸಕ್ಕೆ. ಪಟ್ಟಿಯ ಎರಡೂ ತುದಿಗಳು ತೆರೆದಿರಬೇಕು, ಒಳಗಿರುವುದು ಪತ್ರಿಕೆಯೇ ಎಂದು ಸಿಬ್ಬಂದಿಗೆ ಸುಲಭವಾಗಿ ಕಾಣಬೇಕು, ಮುದ್ರಿತ ಪತ್ರಿಕೆಯಲ್ಲಿ ಅಂಚೆ ನೋಂದಣಿ ಸಂಖ್ಯೆ ಇರಬೇಕು. ಸಮಾರಂಭದ ಆಹ್ವಾನ ಪತ್ರವನ್ನೋ ಪುಸ್ತಕದ ಕರಪತ್ರವನ್ನೋ ನಡುವೆ ಸೇರಿಸಿದರೆ ರಿಯಾಯಿತಿಗೆ ಕುತ್ತು ಬರುತ್ತದೆ. ಸುರುಳಿ ಸುತ್ತುವುದಕ್ಕಿಂತ ಚಪ್ಪಟೆಯಾಗಿ ಮಡಿಸುವುದು ಮೇಲು. ಸುರುಳಿಯಾದ ಪ್ರತಿ ಕಟ್ಟಿನಲ್ಲಿ ನಿಲ್ಲದೆ ಜಾರಿ, ಅಂಚು ಹರಿದುಕೊಂಡು ಊರು ಸೇರುತ್ತದೆ. ಮೈದಾ ಅಂಟನ್ನು ಪಟ್ಟಿಯ ತುದಿಗೆ ಬೆರಳಗಲದಷ್ಟು ಮಾತ್ರ ಸವರಬೇಕು. ಹೆಚ್ಚಾದ ಅಂಟು ಹೊರಗೆ ಇಳಿದು ರಕ್ಷಾಪುಟಕ್ಕೆ ಕಚ್ಚಿಕೊಂಡರೆ, ಪಟ್ಟಿ ಬಿಚ್ಚುವ ಓದುಗನ ಕೈಯಲ್ಲಿ ರಕ್ಷಾಪುಟವೂ ಕಿತ್ತು ಬರುತ್ತದೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ವಿಳಾಸ ಒಂದು ಹನಿ ನೀರಿಗೆ ಕಲಸಿಹೋಗುವುದರಿಂದ ಮಳೆಗಾಲದಲ್ಲಿ ಲೇಸರ್ ಮುದ್ರಣವೇ ಲೇಸು.

ಕಟ್ಟು ಕಟ್ಟುವಾಗ ಆಗುವ ತಪ್ಪು ಇವೆಲ್ಲಕ್ಕಿಂತ ದುಬಾರಿಯಾದದ್ದು. ಜಿಲ್ಲೆ, ತಾಲ್ಲೂಕು ನೋಡಿ ಪ್ರತಿಗಳನ್ನು ವಿಂಗಡಿಸುವುದು ನಮಗೆ ಸಹಜವೆನಿಸುತ್ತದೆ. ಅಂಚೆಯ ವಿಂಗಡಣೆ ನಡೆಯುವುದು ಪಿನ್‌ಕೋಡಿನ ಮೇಲೆ. ಅದರ ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನು ಸೂಚಿಸುತ್ತವೆ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರಲ್ಲಿ, ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹೀಗಾಗಿ ಚಿಕ್ಕಬಳ್ಳಾಪುರ ಪೇಟೆಯ ಪಿನ್ 562101 ಆದರೆ ಅದೇ ಜಿಲ್ಲೆಯ ಚಿಂತಾಮಣಿಯದು 563125, ಗೌರಿಬಿದನೂರಿನದು 561208. ನಮ್ಮ ತುಮಕೂರು ಜಿಲ್ಲೆಯಲ್ಲಿಯೂ ಮಧುಗಿರಿ 572132, ಶಿರಾ 572137 ಎಂದಿರುವಾಗ ಪಾವಗಡ ಮಾತ್ರ 561202. ಪಾವಗಡದ ಪ್ರತಿಗಳನ್ನು 572ರ ಕಟ್ಟಿಗೆ ಸೇರಿಸಿದರೆ ಅವು ಸುತ್ತು ಹಾಕಿಕೊಂಡು ತಡವಾಗಿ ಮುಟ್ಟುವುದು ಖಂಡಿತ, ಬೈಗುಳ ಮಾತ್ರ ಅಂಚೆಯಣ್ಣನ ಪಾಲಿಗೆ. ಚಂದಾದಾರರ ಪಟ್ಟಿಯನ್ನು ಪಿನ್‌ಕೋಡಿನ ಕ್ರಮದಲ್ಲಿ ಇಟ್ಟುಕೊಂಡು ಅದೇ ಕ್ರಮದಲ್ಲಿ ವಿಳಾಸದ ಚೀಟಿ ಮುದ್ರಿಸಿದರೆ ಕಟ್ಟುಗಳು ತಾವಾಗಿಯೇ ಸರಿಯಾಗಿ ಬೀಳುತ್ತವೆ. ಹಳ್ಳಿಯ ವಿಳಾಸಗಳಲ್ಲಿ ಹೋಬಳಿಯ ಹೆಸರಿಗಿಂತ ಶಾಖಾ ಅಂಚೆ ಕಚೇರಿಯ ಹೆಸರು ಮುಖ್ಯವೆಂಬುದನ್ನೂ ಚಂದಾ ಬರೆಸಿಕೊಳ್ಳುವಾಗಲೇ ಗಮನಿಸಬೇಕು.

ಇಷ್ಟೆಲ್ಲ ಶಿಸ್ತನ್ನು ಪಾಲಿಸಿದರೂ ದಾರಿ ಕಾಣದವರು ತ್ರೈಮಾಸಿಕಗಳನ್ನು ನಡೆಸುವವರು. 1898ರ ಅಂಚೆ ಕಾಯ್ದೆಯ ಕಾಲದಿಂದಲೂ ರಿಯಾಯಿತಿಗೆ ಅರ್ಹವಾದ ಪತ್ರಿಕೆ ಎಂದರೆ 31 ದಿನಗಳಿಗೆ ಮೀರದ ಅಂತರದಲ್ಲಿ ಹೊರಬರುವಂಥದ್ದು, ನಿಜವಾದ ಚಂದಾದಾರರ ಪಟ್ಟಿ ಉಳ್ಳಂಥದ್ದು. ಕನ್ನಡದಲ್ಲಿ ಸಾಹಿತ್ಯ, ಜಾನಪದ, ಶಾಸನ, ರಂಗಭೂಮಿಯ ಬಗೆಗಿನ ಗಂಭೀರ ಬರಹಗಳಿಗೆ ಜಾಗ ಕೊಟ್ಟವುಗಳಲ್ಲಿ ತ್ರೈಮಾಸಿಕಗಳ ಪಾಲು ದೊಡ್ಡದು. ಇವುಗಳಲ್ಲಿ ಅನೇಕವು ಮುದ್ರಿತ ಸಾಮಗ್ರಿಯನ್ನು ಕಡಿಮೆ ದರದಲ್ಲಿ ಒಯ್ಯುತ್ತಿದ್ದ ಬುಕ್ ಪೋಸ್ಟನ್ನು ಆಶ್ರಯಿಸಿದ್ದವು. 2024ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು. 2025ರ ಮೇ 1ರಿಂದ ಬಂದ ಜ್ಞಾನ ಪೋಸ್ಟ್ ಪುಸ್ತಕಗಳನ್ನು ಉದ್ದೇಶಿಸಿದ ಸೇವೆ, ಅದರ ಕನಿಷ್ಠ ದರವೇ 300 ಗ್ರಾಂ ವರೆಗೆ 20 ರೂಪಾಯಿ ಮತ್ತು ತೆರಿಗೆ. ವರ್ಷಕ್ಕೆ ನಾಲ್ಕೇ ಬಾರಿ ಅಂಚೆ ಕಚೇರಿಗೆ ಬರುವ ಪತ್ರಿಕೆಯಿಂದ ಇಲಾಖೆಯ ಮೇಲೆ ಬೀಳುವ ಹೊರೆ ಮಾಸಪತ್ರಿಕೆಗಿಂತ ಕಡಿಮೆಯೇ ಹೊರತು ಹೆಚ್ಚಲ್ಲ. 1898ರ ಕಾಯ್ದೆಯ ಜಾಗಕ್ಕೆ 2023ರ ಅಂಚೆ ಕಾಯ್ದೆ ಬಂದಿರುವ ಈ ಹೊತ್ತಿನಲ್ಲಿ, ಚಂದಾದಾರರ ಪಟ್ಟಿಯನ್ನು ಪ್ರಾಮಾಣಿಕವಾಗಿ ಒದಗಿಸುವ ತ್ರೈಮಾಸಿಕಗಳಿಗೂ ರಿಯಾಯಿತಿ ದರವನ್ನು ವಿಸ್ತರಿಸುವಂತೆ ನಮ್ಮ ಸಂಸದರು ಇಲಾಖೆಯನ್ನು ಒತ್ತಾಯಿಸಬೇಕು. ಅದರ ಜೊತೆಗೆ ನೋಂದಣಿಯ ನಿಯಮ, ನವೀಕರಣದ ವಿಧಾನ ಮತ್ತು ದರಪಟ್ಟಿಯನ್ನು ಜಿಲ್ಲೆಯ ಪ್ರಧಾನ ಅಂಚೆ ಕಚೇರಿಗಳಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಿದರೆ, ಹೊಸದಾಗಿ ಪತ್ರಿಕೆ ತರಲು ಹೊರಟವರು ಮೊದಲ ಸಂಚಿಕೆಯ ಮೇಲೆ ಚಂದಾ ದರ ಅಚ್ಚು ಹಾಕಿಸುವ ಮೊದಲೇ ಅದನ್ನು ಓದಿಕೊಳ್ಳಬಹುದು.

ಇಂತಿ ವಿಶ್ವಾಸಿ,
ಪತ್ರಿಕಾ ರವಾನೆಯಲ್ಲಿ ತೊಡಗಿರುವ ಓದುಗ, ತುಮಕೂರು