ಟಿವಿ ತರಬ್ಯಾಡ್ರಿ, ಫೈಲ ಬದಲ ಮಾಡ್ರಿ

ಲೈಪ್‌ಜಿಗ್ (ಜರ್ಮನಿ), ಐತವಾರ

ಚಿ. ಬಸೂಗೆ ಅಣ್ಣನ ಆಶೀರ್ವಾದ. ಅಪ್ಪಾಜಿ, ಅವ್ವ, ಆಯಿಗೆ ನಮಸ್ಕಾರ. ಶಾಂತಾ ಆಷಾಢಕ್ಕ ಬಂದಾಳಲ್ಲ, ಆಕಿಗೂ ಹೇಳು. ಇಲ್ಲಿ ಎಲ್ಲಾ ಆರಾಮ.

ನಿನ್ನ ಪತ್ರದಾಗ ಉಳದದ್ದೆಲ್ಲಾ ಬಿಡು, ಕೊನೀ ನಾಕ ಸಾಲ ಓದಿ ಎದಿ ಧಸಕ್ ಅಂತು. ಶಾಂತಾನ ಮದವಿ ವಿಡಿಯೋ ಟಿವಿಯಾಗ ಕುಂಟತೈತಿ ಅಂತ 48,000 ರೂಪಾಯಿದ 55 ಇಂಚಿನ ಹೊಸ ಟಿವಿ! ಅದೂ ನೂರಕ್ಕ ಎರಡರಂಗ ಬಡ್ಡಿಲೆ ರೊಕ್ಕ ತಗೊಂಡು! ಕಬ್ಬಿನ ಬಿಲ್ಲಿನ ಎರಡನೇ ಕಂತ ಇನ್ನೂ ಬಂದಿಲ್ಲ, ಮದವಿಗೆ ತಗೊಂಡ ಸೊಸೈಟಿ ಸಾಲ ಹಂಗ ನಿಂತೈತಿ, ಅದರ ಮ್ಯಾಲ ತಿಂಗಳಾ 960 ರೂಪಾಯಿ ಬರೇ ಬಡ್ಡಿ. ಪಂಚಮಿ ಮುಗಿಸಿ ಶಾಂತಾನ್ನ ಕರಕೊಂಡ ಹೋಗಾಕ ಬೀಗರು ಬರ್ತಾರ, ಅವರ ಮುಂದ ಮದವಿ ವಿಡಿಯೋ ಕುಂಟಬಾರದು ಅನ್ನೂದು ಖರೆ. ಆದ್ರ ಅದಕ್ಕ ಟಿವಿ ಬದಲ ಮಾಡೂದು ಅಂದ್ರ ಎತ್ತಿನ ಕಾಲಾಗ ಮುಳ್ಳ ನಟ್ರ ಹೊಸ ಬಂಡಿ ತಂದಂಗ. ಅಂಗಡಿಯಾಂವ ಟಿವಿ ಮಾರಾಂವ. ಅಂವ "ನಿಮ್ಮ ಟಿವಿ ಹಳೇದಾತ್ರಿ" ಅನ್ನದ ಇನ್ನೇನ ಅಂದಾನು?

ನಿನ್ನ ಪತ್ರದಾಗ ಉತ್ತರ ಐತಿ, ನೀನ ನೋಡಿಲ್ಲ. ಅದ ಪೆನ್‌ಡ್ರೈವಿನ್ಯಾಗ ಇರು ತೊಟ್ಟಿಲ ಕಾರ್ಯೇದ ವಿಡಿಯೋ ಎಣ್ಣಿ ಹಚ್ಚಿದಂಗ ಓಡತೈತಿ ಅಂತ ಬರದಿ. ಟಿವಿ ಅದ, ವೈರ್ ಅದ, ಹಿಂದಿನ ರಾಸ್ಪಬೆರಿ ಪೈ ಡಬ್ಬಿ (ಅಂಗೈಯಷ್ಟ ಕಂಪ್ಯೂಟರ್) ಅದ, ಪೆನ್‌ಡ್ರೈವ್ ಅದ. ಬದಲಾಗಿದ್ದು ಫೈಲ ಒಂದ. ಹಂಗಾದ್ರ ಕಳ್ಳ ಯಾರು?

ವಿಡಿಯೋ ಕುಂಟೂದ್ರಾಗೂ ಜಾತಿ ಅದಾವ. ಚಿತ್ರ, ಧ್ವನಿ ಎರಡೂ ನಿಂತು ನಡುವ ಗುಂಡಾನ ಚಕ್ರ ತಿರಗಿದ್ರ ಫೈಲ ಹೊತ್ತಿಗೆ ಸರಿಯಾಗಿ ಬಂದು ಮುಟ್ಟವಲ್ದು: ವೈಫೈ ಇಲ್ಲಾ ಡ್ರೈವಿನ ತಪ್ಪು. ಧ್ವನಿ ಸರಳ ಹೋಗಿ ಚಿತ್ರ ಮಾತ್ರ ಜಿಗದ ಜಿಗದ ಬಂದ್ರ ಫೈಲ ಬಂದೈತಿ, ಒತ್ತಿ ಸಣ್ಣ ಮಾಡಿಟ್ಟ ಚಿತ್ರ ಬಿಚ್ಚು ಶಕ್ತಿ ಸಾಲವಲ್ದು. ಚಲೋ ಓಡಿಕೋತನ, ಕ್ಯಾಮೆರಾ ಈ ಕಡಿಂದ ಆ ಕಡಿಗೆ ತಿರಗಿದಾಗಷ್ಟ ಸಣ್ಣಂಗ ತಡವರಿಸಿದ್ರ ಟಿವಿಯ ತಾಳ, ವಿಡಿಯೋದ ತಾಳ ಕೂಡವಲ್ದು. ನಿಂದು ಎರಡನೇದು. ಮಂಗಳಾಷ್ಟಕ ಸರಿಯಾಗಿ ಕೇಳತೈತಿ, ಅಕ್ಕಿಕಾಳ ಮಾತ್ರ ಗಾಳ್ಯಾಗ ನಿಂತಂಗ ಕಾಣತಾವ ಅಂತ ಬರದಿಯಲ್ಲ, ಅಷ್ಟ ಸಾಕು.

ಈಗ ಲೆಕ್ಕ ಹಾಕು. 55 ನಿಮಿಷದ ಫೈಲು 41 ಜಿಬಿ. ಜಿಬಿಯನ್ನ 8,000ದಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದ್ರ ಸೆಕೆಂಡಿಗೆ ಎಷ್ಟ ಮೆಗಾಬಿಟ್ ಅನ್ನೂದು ಬರತೈತಿ. 55 ನಿಮಿಷ ಅಂದ್ರ 3,300 ಸೆಕೆಂಡು, ಉತ್ತರ ಹತ್ತಿರ ಹತ್ತಿರ 100 ಮೆಗಾಬಿಟ್ (ಎಂಬಿಪಿಎಸ್) ಆತು. ಒಂದ ಚಿತ್ರ 3840 ಅಡ್ಡ, 2160 ಉದ್ದ, ಅಂದ್ರ ಸುಮಾರ 83 ಲಕ್ಷ ಚುಕ್ಕಿ, ಇದಕ್ಕ 4ಕೆ ಅಂತಾರ. ಅಂಥಾ ಚಿತ್ರ (ಫ್ರೇಮ್) ಸೆಕೆಂಡಿಗೆ 50. ಒಂದೊಂದನ್ನ ಬಿಚ್ಚಾಕ ಡಬ್ಬಿಗೆ ಸಿಗೂದು 20 ಮಿಲಿಸೆಕೆಂಡು. ನಮ್ಮ ಟಿವಿ 1920 ಅಡ್ಡ, 1080 ಉದ್ದ, 21 ಲಕ್ಷ ಚುಕ್ಕೀದು, ಇದಕ್ಕ 1080ಪಿ ಇಲ್ಲಾ ಫುಲ್ ಎಚ್‌ಡಿ ಅಂತಾರ. ನಾಕ ಪಟ್ಟು ಬಿಚ್ಚಿ, ಮೂರ ಪಾಲು ಚೆಲ್ಲಿ, ಒಂದ ಪಾಲು ತೋರ್ಸೂದು. ಯಾರಿಗೆ ಬೇಕಾಗೈತಿ ಈ ಹೈರಾಣ?

ಇನ್ನ ಡಬ್ಬೀದ ಗುಟ್ಟು. ನಮ್ಮದು ಪೈ 4. ಅದರ ಚಿಪ್ಪಿನ್ಯಾಗ ವಿಡಿಯೋ ಬಿಚ್ಚಾಕಂತನ ಬ್ಯಾರೆ ಭಾಗ ಐತಿ. ವಿಡಿಯೋ ಒತ್ತಿ ಸಣ್ಣ ಮಾಡೂ ಪದ್ಧತಿ ಬ್ಯಾರೆ ಬ್ಯಾರೆ ಅದಾವ, ಎಚ್.264, ಎಚ್.265 ಅಂತ. ಆ ಭಾಗ ಎಚ್.264 ಜಾತಿ ಫೈಲನ್ನ 1080ಪಿ ತನಕ ಮಾತ್ರ ಬಿಚ್ಚತೈತಿ. 4ಕೆ ಬೇಕಂದ್ರ ಎಚ್.265 ಆಗಿರಬೇಕು. ಮದವಿ ಫೈಲು 4ಕೆ, ಆದ್ರ ಎಚ್.264. ಹಂಗಾಗಿ ಆ ಭಾಗ ಕೈ ಎತ್ತಿತು, ಕೆಲಸ ಬಂದು ಸಿಪಿಯು (ಡಬ್ಬಿಯ ಎಲ್ಲಾ ಕೆಲಸ ಮಾಡೂ ಮಿದುಳು) ಮ್ಯಾಲ ಬಿತ್ತು, ಅದು ಹೊತ್ತಿಗೆ ಮುಗಿಯದ ಚಿತ್ರಗಳನ್ನ ಬಿಟ್ಟ ಬಿಟ್ಟ ಓಡಾಕತ್ತೈತಿ. ಮಾಮಾನ ಮಗ "ಪೈ 5 ತರಸ್ರಿ" ಅಂದಾನಂತಲ್ಲ, ಅದೂ ಬ್ಯಾಡ. ಪೈ 5ರಾಗ ಎಚ್.264 ಬಿಚ್ಚು ಭಾಗನ ತಗದ ಬಿಟ್ಟಾರ, ಎಚ್.265ಕ್ಕ ಮಾತ್ರ ಇಟ್ಟಾರ. ಸಿಪಿಯು ಜೋರೈತಿ, 1080ಪಿ ಆರಾಮ ಓಡತೈತಿ, ಇಂಥಾ ಫೈಲಿಗೆ ಮಾತ್ರ ನಾ ಜಾಮೀನ ನಿಲ್ಲಂಗಿಲ್ಲ.

ಪೆನ್‌ಡ್ರೈವ್ ನೇರ ಟಿವಿಗೆ ಚುಚ್ಚಿದಾಗ "ಫಾರ್ಮ್ಯಾಟ್ ಸಪೋರ್ಟ್ ಇಲ್ಲ" ಅಂತ ಬಂದದ್ದೂ ಇದಕ್ಕ, ಫುಲ್ ಎಚ್‌ಡಿ ಟಿವಿ 4ಕೆ ಫೈಲ ತಗೊಳ್ಳಂಗಿಲ್ಲ. ಟಿವಿ ಕೆಟ್ಟಿಲ್ಲ. ಹೊಸ 4ಕೆ ಟಿವಿ ತಂದು ಅದಕ್ಕ ನೇರ ಚುಚ್ಚಿದ್ರ ಓಡಿದ್ರೂ ಓಡೀತು, ಸುಳ್ಳ ಯಾಕ ಹೇಳ್ಲಿ. ಆದ್ರ ನಮ್ಮ ಡಬ್ಬಿ ಹಚ್ಚಿ ಅದರಾಗಿನ ವಿಡಿಯೋ ತೋರ್ಸೂ ಸಾಫ್ಟ್‌ವೇರ್ ಕೋಡಿಯಿಂದ ನೋಡಿದ್ರ 48,000 ಕೊಟ್ಟ ಮ್ಯಾಲೂ ಹಿಂಗ ಕುಂಟತೈತಿ. ಬಿಚ್ಚು ಕೆಲಸ ಡಬ್ಬೀದು, ಟಿವೀದಲ್ಲ. ಇದೊಂದ ಮಾತ ಅಪ್ಪಾಜಿಗೆ ಎರಡ ಸಲ ಓದಿ ಹೇಳು.

ನನ್ನ ಮಾತ ನಂಬಬ್ಯಾಡ, ಕಣ್ಣಾರೆ ನೋಡು. ಕಂಪ್ಯೂಟರಿನ ಕೀಬೋರ್ಡ್ ಡಬ್ಬಿಗೆ ಚುಚ್ಚಿ, ವಿಡಿಯೋ ಓಡೂವಾಗ ಇಂಗ್ಲಿಷ್ ಓ ಅಕ್ಷರ ಒತ್ತು. ಪರದೆ ಮ್ಯಾಲ ಮಾಹಿತಿ ಬರತೈತಿ. ವಿಡಿಯೋ ಡಿಕೋಡರ್ ಅನ್ನು ಸಾಲಿನ ಕೊನೀಗೆ ಎಚ್‌ಡಬ್ಲ್ಯೂ ಇದ್ರ ಚಿಪ್ಪಿನ ಭಾಗ ಕೆಲಸ ಮಾಡಾಕತ್ತೈತಿ, ಎಸ್‌ಡಬ್ಲ್ಯೂ ಇದ್ರ ಸಿಪಿಯು ಒದ್ದಾಡಾಕತ್ತೈತಿ. ಮೊದಲ ತೊಟ್ಟಿಲದ್ದು ಹಚ್ಚಿ ನೋಡು, ಆಮ್ಯಾಲ ಮದವೀದು.

ಮದ್ದು ಎರಡ ಅದಾವ. ಸರಳಾದದ್ದು, ವಿಡಿಯೋ ಮಾಡಿದಾಂವಗ ಫೋನ್ ಹಚ್ಚಿ "1080ಪಿ, ಎಚ್.264, 50 ಫ್ರೇಮ್, 15 ಎಂಬಿಪಿಎಸ್ ಹಾಕಿ ಇನ್ನೊಂದ ಕಾಪಿ ತಗದ ಕೊಡ್ರಿ" ಅನ್ನು. ಅವನ ಕಡೆ ಪ್ರಾಜೆಕ್ಟ್ ಇನ್ನೂ ಇದ್ರ ಅದು ಅವಂಗ ದೊಡ್ಡ ಕೆಲಸ ಅಲ್ಲ. ಅಂವ ಕೈ ಖಾಲಿ ಇಲ್ಲ ಅಂದ್ರ ನೀನ ಮಾಡು. ಲ್ಯಾಪ್‌ಟಾಪಿಗೆ ಹ್ಯಾಂಡ್‌ಬ್ರೇಕ್ ಅನ್ನು ವಿಡಿಯೋ ಬದಲ ಮಾಡೂ ಸಾಫ್ಟ್‌ವೇರ್ ಇಳಿಸ್ಕೋ, ಪುಕ್ಕಟೆ ಐತಿ. ಮೊದಲ 41 ಜಿಬಿ ಫೈಲ ಪೆನ್‌ಡ್ರೈವಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡು. ಕಟ್ ಅಲ್ಲ, ಕಾಪಿ. ಮೂಲ ಫೈಲು ಎರಡ ಜಾಗಾದಾಗ ಇರಲಿ, ಮುಂದ 4ಕೆ ಟಿವಿ ಬಂದಾಗ ಅದ ಬೇಕಾಗತೈತಿ.

ಹ್ಯಾಂಡ್‌ಬ್ರೇಕ್ ತಗದ ಕೂಡಲೆ "ಫಾಸ್ಟ್ 1080ಪಿ30" ಅನ್ನು ಪ್ರೀಸೆಟ್ (ಮೊದಲ ಹೊಂದಿಸಿಟ್ಟ ಸೆಟ್ಟಿಂಗು) ತಾನ ಕುಂತಿರತೈತಿ. ಬಹಳ ಮಂದಿ ಇಲ್ಲೆ ಎಡವತಾರ. ಅದರ ಕಡೀ 30 ಅಂದ್ರ ಫ್ರೇಮ್ 30ರ ಮ್ಯಾಲ ಹೋಗಂಗಿಲ್ಲ. 50 ಇದ್ದದ್ದನ್ನ 30ಕ್ಕ ಇಳಿಸಾಕ ಹೋದ್ರ ಸಮನಾಗಿ ಭಾಗ ಆಗಂಗಿಲ್ಲ, ಒಂದ ಕುಂಟು ಕಳದು ಇನ್ನೊಂದ ಕುಂಟು ತಂದಂಗಾತು. ಪ್ರೀಸೆಟ್ ಇರಲಿ, ಆದ್ರ ವಿಡಿಯೋ ಟ್ಯಾಬಿಗೆ ಹೋಗಿ ಫ್ರೇಮ್‌ರೇಟ್ "ಸೇಮ್ ಆ್ಯಸ್ ಸೋರ್ಸ್" ಮಾಡು, ಅದರ ತಳಗ "ಕಾನ್‌ಸ್ಟಂಟ್" ಆರಿಸು. ಎನ್‌ಕೋಡರ್ ಎಚ್.264 ಎಕ್ಸ್264, 10 ಬಿಟ್ ಅಂತ ಬರದದ್ದನ್ನ ಮುಟ್ಟಬ್ಯಾಡ, ಅದನ್ನೂ ಡಬ್ಬಿಯ ಆ ಭಾಗ ಬಿಚ್ಚಂಗಿಲ್ಲ. ಕ್ವಾಲಿಟಿ ಆರ್‌ಎಫ್ 20. ಅಂಕಿ ಇಳದಷ್ಟೂ ಚಿತ್ರ ಚಲೋ, ಫೈಲು ದಪ್ಪ. ಲೆವೆಲ್ 4.2, ಯಾಕಂದ್ರ 1080ಪಿಯಾಗ 50 ಫ್ರೇಮಿಗೆ 4.1 ಸಾಲಂಗಿಲ್ಲ. ಡೈಮೆನ್ಶನ್ಸ್ ಟ್ಯಾಬಿನ್ಯಾಗ 1080ಪಿ ಮಿತಿ ಐತೋ ಇಲ್ಲೋ ನೋಡ್ಕೋ.

ಪೂರಾ ಫೈಲಿಗೆ ಒಮ್ಮಿಗೆ ಕೈ ಹಾಕಬ್ಯಾಡ. ಮ್ಯಾಲಿನ ರೇಂಜಿನ್ಯಾಗ ಸೆಕೆಂಡ್ಸ್ ಆರಿಸಿ 600ರಿಂದ 660 ಹಾಕು, ಒಂದ ನಿಮಿಷದ ತುಣುಕ ಬರತೈತಿ. ಅದನ್ನ ಡಬ್ಬಿಗೆ ಹಚ್ಚಿ, ಓ ಒತ್ತಿ, ಎಚ್‌ಡಬ್ಲ್ಯೂ ಬಂತಂದ್ರ ರಾತ್ರಿ ಪೂರಾ ಫೈಲ ಹಚ್ಚಿ ಮಲಕೋ. ಒಟ್ಟ 1,65,000 ಫ್ರೇಮ್. ಲ್ಯಾಪ್‌ಟಾಪ್ ಸೆಕೆಂಡಿಗೆ 30 ಮುಗಿಸಿದ್ರ ಒಂದೂವರಿ ತಾಸು, 10 ಮುಗಿಸಿದ್ರ ನಾಕೂವರಿ ತಾಸು. ಚಾರ್ಜರ್ ಹಚ್ಚಿಡು, ಸ್ಲೀಪ್ ಬಂದ್ ಮಾಡು. ಕರೆಂಟ್ ಹ್ವಾದ್ರ ಅರ್ಧಾದ ಫೈಲ ಉಪಯೋಗಕ್ಕ ಬರಂಗಿಲ್ಲ, ಮತ್ತ ಮೊದಲಿಂದ. ಮುಗಿದ ಫೈಲು 4 ಜಿಬಿ ದಾಟಿದ್ರ ಪೆನ್‌ಡ್ರೈವಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟಿನಂಥಾದ್ದು ಇರಬೇಕು, ಫ್ಯಾಟ್32ರಾಗ 4 ಜಿಬಿ ಮ್ಯಾಲಿನ ಫೈಲ ಕುಂದರಂಗಿಲ್ಲ. ಬೀಗರು ಒಂದ ಕಾಪಿ ಕೇಳೇ ಕೇಳತಾರ. ಹಳೇ ಟಿವಿ ಎಷ್ಟೋ ಎಕ್ಸ್‌ಫ್ಯಾಟ್ ಓದಂಗಿಲ್ಲ, ಅವರಿಗೆ ಆರ್‌ಎಫ್ 23 ಇಟ್ಟು 4 ಜಿಬಿ ಒಳಗ ಬರುವಂಗ ಬ್ಯಾರೆ ಮಾಡಿಕೊಡು.

ತಾಳದ ಮಾತು ಉಳೀತು. ಡಬ್ಬಿ ಟಿವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಸತೈತಿ, ವಿಡಿಯೋದಾಗ ಇರೂದು 50. ಪ್ರತಿ ಐದರಾಗ ಒಂದ ಚಿತ್ರ ಎರಡ ಸಲ ತೋರ್ಸಬೇಕಾಗತೈತಿ, ಅಂದ್ರ ಸೆಕೆಂಡಿಗೆ 10 ಸಲ ಸಣ್ಣ ಎಡವು. ನಮ್ಮ ಕಡೆ ಕ್ಯಾಮೆರಾದಾವರು 25 ಇಲ್ಲಾ 50ರಾಗ ತಗಿಯೂದು ಕರೆಂಟು 50 ಹರ್ಟ್ಸ್ ಇರೂದ್ರಿಂದ, ಇಲ್ಲಂದ್ರ ಮಂಟಪದ ಲೈಟು ಪಟಪಟ ಅಂತ ಮಿಣಕತಾವ. ಕೋಡಿಯ ಸೆಟ್ಟಿಂಗ್ಸಿನ್ಯಾಗ ಪ್ಲೇಯರ್, ಅದರಾಗ ವಿಡಿಯೋಸ್, ಅಲ್ಲಿ "ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್" ಅನ್ನೂದನ್ನ "ಆನ್ ಸ್ಟಾರ್ಟ್ / ಸ್ಟಾಪ್" ಮಾಡು. ಕಾಣಲಿಲ್ಲಂದ್ರ ಎಡಕ್ಕ ಕೆಳಗಿನ ಗಾಲಿ ಗುರ್ತು ಒತ್ತಿ ಮಟ್ಟ ಅಡ್ವಾನ್ಸ್ಡ್ ತನಕ ಏರಿಸು. ಇನ್ನ ಮ್ಯಾಲ ವಿಡಿಯೋ ಹಚ್ಚಿದ ಕೂಡಲೆ ಟಿವಿ ಎರಡ ಸೆಕೆಂಡ್ ಕಪ್ಪಾಗತೈತಿ. ಅದು ಹೊಸಾ ತಾಳಕ್ಕ ಹೊಂದಿಕೊಳ್ಳೂದು. ಟಿವಿ ಹ್ವಾತು ಅಂತ ಆಯಿ ಗಾಬರಿ ಆಗತಾಳ, ಮೊದಲ ಹೇಳಿಡು.

ಅವ್ವಗ ಒಂದ ಮಾತು. ಡಬ್ಬಿ ಮ್ಯಾಲಿನ ಕ್ರೋಶಾದ ಮುಚ್ಚಣಿಗಿ ಚಂದ ಐತಿ, ಆದ್ರ ತಗೀಬೇಕು. ಚಿಪ್ಪು 80 ಡಿಗ್ರಿ ಮುಟ್ಟಿತಂದ್ರ ತನ್ನ ವೇಗ ತಾನ ಇಳಸತೈತಿ. ಮೊದಲ ಹತ್ತ ನಿಮಿಷ ಚಲೋ ಓಡಿ ಆಮ್ಯಾಲ ಕುಂಟಾಕ ಹತ್ತಿದ್ರ ಅದು ಕಾವಿನ ಕುಂಟು. ಕೋಡಿಯ ಸಿಸ್ಟಮ್ ಇನ್‌ಫರ್ಮೇಶನ್ದಾಗ ಸಿಪಿಯು ಕಾವು ಕಾಣತೈತಿ. ಶೋಕೇಸಿನ ಗಾಜಿನ ಬಾಗಲಾ ತಗದಿಡ್ರಿ. ಪರದೆಯ ಬಲಕ್ಕ ಮ್ಯಾಲ ಸಿಡಿಲಿನ ಗುರ್ತು ಬಂದ್ರ ಕರೆಂಟು ಸಾಲವಲ್ದು ಅಂತ ತಿಳಿ. ಪೈಗೆ 5.1 ವೋಲ್ಟ್, 3 ಆಂಪಿಯರ್ ಚಾರ್ಜರ್ ಬೇಕು. ನಾ ಕೊಟ್ಟ ಬಿಳೀ ಚಾರ್ಜರ್ ಅದ ಐತಲ್ಲ? ಅಪ್ಪಾಜಿ ಮೊಬೈಲಿಗೆ ಅಂತ ಅದನ್ನ ಒಯ್ದು, ಡಬ್ಬಿಯನ್ನ ಟಿವಿಯ ಯುಎಸ್‌ಬಿಗೆ ಹಚ್ಚಿದ್ರ ಮುಗೀತು, ಅದು ಕೊಡೂದು ಅರ್ಧ ಆಂಪಿಯರ್. ಪೆನ್‌ಡ್ರೈವ್ ಡಬ್ಬಿಯ ನೀಲಿ ಯುಎಸ್‌ಬಿ ಸಂದಿಗೆ ಚುಚ್ಚು. ಮಾಳಿಗಿ ಮ್ಯಾಲಿನ ಲ್ಯಾಪ್‌ಟಾಪಿಂದ ವೈಫೈಲೆ ಹಚ್ಚೂ ಸಾಹಸ ಬೀಗರ ಮುಂದ ಮಾಡಬ್ಯಾಡ, ನಮ್ಮ ಕಲ್ಲಿನ ಗ್ವಾಡಿ ದಾಟಿ ಬರೂದು ನಂಬುವಂಥಾದ್ದಲ್ಲ.

ಅಪ್ಪಾಜಿ, ಟಿವಿ ವಿಷಯದಾಗ ನಗೂ ಮಾತೊಂದು ಕೇಳ್ರಿ. ಇಲ್ಲಿ ಮನ್ಯಾಗ ಟಿವಿ ಇರಲಿ ಬಿಡಲಿ, ಮನಿಗೆ ತಿಂಗಳಾ 18.36 ಯೂರೋ ರೇಡಿಯೋ-ಟಿವಿ ವಂತಿಗಿ ಕಟ್ಟಬೇಕು. ನನ್ನ ಕಡೆ ಟಿವಿ ಇಲ್ಲ, ಆದ್ರೂ ಕಟ್ಟತೀನಿ. ಐತವಾರ ಅಂಗಡಿ ಬಂದ್, ಗ್ವಾಡಿಗೆ ಮೊಳಿ ಸೈತ ಹೊಡೀಬಾರದು, ಬಾಜೂದವರು ತಕರಾರು ಮಾಡತಾರ. ಖಾಲಿ ಪ್ಲಾಸ್ಟಿಕ್ ಬಾಟ್ಲಿ ತಿರುಗಿ ಕೊಟ್ರ ಮಷೀನು 25 ಸೆಂಟ್ ಕೊಡತೈತಿ. ಶಿಸ್ತು ಐತಿ, ಇಲ್ಲಂತಿಲ್ಲ. ಆದ್ರ ರೈಲು ತಡಾ ಬರೂದ್ರಾಗ ನಮಗಿಂತ ಕಮ್ಮಿ ಏನಿಲ್ಲ.

ಮುಂಗಡ ಕೊಟ್ಟಿದ್ರ ತಿರುಗಿ ತಗೋರಿ, ಕೊಟ್ಟಿಲ್ಲಂದ್ರ ಆ ಕಡೆ ಹೋಗಬ್ಯಾಡ್ರಿ. ರೊಕ್ಕದ ಚಿಂತಿ ಬ್ಯಾಡ, ಸೊಸೈಟಿ ಕಂತಿಗೆ ನಾ ಮುಂದಿನ ವಾರ ಕಳಸತೀನಿ, ಖರೇನ ಕಳಸತೀನಿ, ನನಗ ಇಲ್ಲಿ ಏನೂ ಕಮ್ಮಿ ಇಲ್ಲ. ಕೆಮ್ಮು ಪೂರಾ ಹೋಗೈತಿ. ಎರಡ ಹೊತ್ತು ಉಣತೀನಿ, ರೊಟ್ಟಿ ಹಿಟ್ಟು ಇನ್ನೂ ಐತಿ, ಶೇಂಗಾ ಚಟ್ನಿನೂ ಐತಿ, ಅವ್ವ ಕಣ್ಣೀರ ಹಾಕಬಾರದು.

ಬಸೂ, ತುಣುಕ ಹಚ್ಚಿ ನೋಡಿದ ಕೂಡಲೆ ಆ ಓ ಒತ್ತಿದ ಪರದೆಯ ಫೋಟೋ ಕಳಸು. ನಿನ್ನ ರಾತ್ರಿ 11 ಅಂದ್ರ ನನಗ ಸಂಜಿ ಏಳೂವರಿ, ಎದ್ದಿರತೀನಿ. ಟ್ರಾಮ್ ಬಂತು, ಓಡಬೇಕು.

ನಿನ್ನ ಅಣ್ಣ

ಪಂಚಮಿ ಉಂಡಿ ಕಳಸೂದಾದ್ರ ಶೇಂಗಾದ್ದ ಕಳಸ್ರಿ, ಎಳ್ಳಿಂದು ದಾರ್ಯಾಗ ಪುಡಿ ಆಗತಾವ.