ಸಂಜೆಯ ಹಾಲಿಗೆ ಮಧ್ಯಾಹ್ನದ ಬಿಸಿಲು ಎತ್ತಿಡಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ನಾನು ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲೂಕಿನ ಒಂದು ಹಳ್ಳಿ ಡೇರಿಯ ಕಾರ್ಯದರ್ಶಿ. ಸಂಜೆ ಆರೂವರೆಗೆ ನಮ್ಮ ಬಾಗಿಲಲ್ಲಿ ಕ್ಯಾನು ಹಿಡಿದವರ ಸಾಲು. ಆಗಷ್ಟೇ ಕರೆದ ಹಾಲು, ಕ್ಯಾನು ಮುಟ್ಟಿದರೆ ಬೆಚ್ಚಗಿರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಹುಳಿ ತಿರುಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರಿನ ಮನೆಮನೆಯಲ್ಲೂ ಲೈಟು, ಟಿವಿ, ಮಿಕ್ಸಿ ಶುರು. ವೋಲ್ಟೇಜ್ ಕುಸಿಯುತ್ತದೆ. ಕೂಲರ್‌ನ ಕಂಪ್ರೆಸರ್ ಗುಂಯ್ ಅಂದು ನಿಂತುಬಿಡುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಜನರೇಟರೂ ಕೈಕೊಟ್ಟಿತು. ಬೆಳಗ್ಗೆ ಟ್ಯಾಂಕರ್‌ನವರು ಹಾಲು ಬೇಡ ಅಂದರು. ಎರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ಹೆಂಗಸರಿಗೆ ಅದನ್ನು ಹೇಳಬೇಕಾದವನು ನಾನು. ಅವತ್ತು ನನಗೆ ಬಾಯೇ ಬರಲಿಲ್ಲ.

ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಹೊತ್ತು ಮುಳುಗಿದರೆ ಅಲ್ಲಿ ಕರೆಂಟಿಲ್ಲ. ಮನೆಗಳಿಗೆ ಜಾಸ್ತಿ ಬೇಕಾಗುವುದು ಆವಾಗಲೇ ಅಲ್ವಾ? ಸಂಜೆಯ ಹಾಲನ್ನು ಬೆಳಗಿನ ಟ್ಯಾಂಕರ್ ಬರುವವರೆಗೆ ನಾವು ಕೆಡದಂತೆ ಇಟ್ಟುಕೊಳ್ಳುತ್ತೇವೆ. ಮಧ್ಯಾಹ್ನದ ಕರೆಂಟನ್ನೂ ಹಾಗೇ ಇಟ್ಟುಕೊಳ್ಳಬಹುದು, ಬ್ಯಾಟರಿಯಲ್ಲಿ.

ದೆಹಲಿಯ ಕಿಲೋಕರಿಯಲ್ಲಿ 2025ರಲ್ಲಿ ಇಂಥದ್ದನ್ನು ಸಬ್‌ಸ್ಟೇಷನ್‌ನಲ್ಲೇ ಕೂರಿಸಿದ್ದಾರೆ. 20 ಮೆಗಾವ್ಯಾಟ್‌ನಂತೆ ಎರಡು ಗಂಟೆ, ಅಂದರೆ 40,000 ಯೂನಿಟ್ ಕೊಡುತ್ತದೆ. ನಮಗೆ ಅಷ್ಟು ದೊಡ್ಡದು ಬೇಡ. ತಾಲೂಕಿನ ಒಂದು ಸಬ್‌ಸ್ಟೇಷನ್‌ನಲ್ಲಿ ಚಿಕ್ಕದೊಂದನ್ನು ಇಟ್ಟು ನೋಡಿ. ಸಂಜೆಯ ಲೋಡಿಗೆ ಕರೆಂಟು ಹತ್ತಿರದಿಂದಲೇ ಸಿಕ್ಕರೆ ದೂರದ ಲೈನಿನ ಮೇಲಿನ ಭಾರ ಇಳಿಯುತ್ತದೆ, ವೋಲ್ಟೇಜ್ ಅಷ್ಟು ಕುಸಿಯುವುದಿಲ್ಲ.

ಶರಾವತಿಯಲ್ಲಿ ನೀರನ್ನು ಮೇಲಕ್ಕೆತ್ತಿ ಕರೆಂಟು ಕಾಯ್ದಿಡುವ 2,000 ಮೆಗಾವ್ಯಾಟ್ ಯೋಜನೆಯ ಮಾತು ನಡೆದಿದೆ. ಅದಕ್ಕೆ ಕಾಡು ಕಡಿಯಬೇಕು, ವರ್ಷಗಟ್ಟಲೆ ಕಾಯಬೇಕು. ಬ್ಯಾಟರಿಗಾದರೆ ಸಬ್‌ಸ್ಟೇಷನ್ ಪಕ್ಕದಲ್ಲಿ ಕೆಲವು ಕಂಟೇನರ್ ಹಿಡಿಸುವಷ್ಟು ಜಾಗ ಸಾಕು.

ಬ್ಯಾಟರಿ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಹಳೇ ತಂತಿ, ಟ್ರಾನ್ಸ್‌ಫಾರ್ಮರ್‌ಗಳೂ ಬದಲಾಗಬೇಕು. 100 ಯೂನಿಟ್ ತುಂಬಿದರೆ ವಾಪಸ್ ಸಿಗುವುದು ಸುಮಾರು 85. ಬೆಂಕಿಯ ಭಯವೂ ಜನಕ್ಕಿದೆ. ಹಾಗಾಗಿ ಬೆಂಕಿ ಆರಿಸುವ ವ್ಯವಸ್ಥೆ ಮೊದಲೇ ಇರಲಿ, ಅದನ್ನು ಊರವರಿಗೆ ತೋರಿಸಿ ವಿವರಿಸಿ.

ಏಪ್ರಿಲ್‌ನಲ್ಲಿ ಒಂದು ಸಂಜೆ, ಸುಮ್ನೆ ಒಂದರ್ಧ ಗಂಟೆ, ಬಂದು ನಮ್ಮ ಕೂಲರ್ ಪಕ್ಕ ನಿಲ್ಲಿ ಸ್ವಾಮಿ. ಹಾಲು ಅಳೆಯಲು ಶುರುಮಾಡುವುದು ಆರೂವರೆಗೆ.

ಇತಿ ತಮ್ಮ ವಿಶ್ವಾಸಿ,
ಹಳ್ಳಿ ಡೇರಿಯ ಕಾರ್ಯದರ್ಶಿ
ಚನ್ನರಾಯಪಟ್ಟಣ ತಾಲೂಕು