ಬೀಳ್ಕೊಡುಗೆ ವೇದಿಕೆಯ ಮೇಲೆಯೇ ನಡೆಯಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1975ರ ಅಕ್ಟೋಬರ್‌ನಿಂದ ನೇರ ಪ್ರಸಾರವಾಗುತ್ತಿರುವ ‘ಸ್ಯಾಟರ್ಡೇ ನೈಟ್ ಲೈವ್’ ಹಾಸ್ಯ ಕಾರ್ಯಕ್ರಮದ ಐವತ್ತನೆಯ ಸೀಸನ್ 2025ರಲ್ಲಿ ಮುಗಿದ ಮೇಲೆ, ಹೈಡಿ ಗಾರ್ಡ್ನರ್, ಈಗೊ ನ್ವೋಡಿಮ್ ಸೇರಿದಂತೆ ಐವರು ಕಲಾವಿದರು ತಂಡದಿಂದ ಹೊರಬಂದರು. ಐವರು ಹೊಸಬರು ಸೇರಿದರು. ಗಾರ್ಡ್ನರ್ ಎಂಟು ಸೀಸನ್, ನ್ವೋಡಿಮ್ ಏಳು ಸೀಸನ್ ದುಡಿದವರು. ಇಬ್ಬರಿಗೂ ವೇದಿಕೆಯ ಮೇಲೆ ಬೀಳ್ಕೊಡುಗೆ ಸಿಗಲಿಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿ.

ಕಲಾವಿದರು ಬದಲಾಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಎರಡನೆಯ ಸೀಸನ್ನಿನಲ್ಲೇ ಚೆವಿ ಚೇಸ್ ಹೊರಟಾಗ ಬಿಲ್ ಮರ್ರೆ ಬಂದರು. 1980ರಲ್ಲಿ ನಿರ್ಮಾಪಕ ಲಾರ್ನ್ ಮೈಕಲ್ಸ್ ಅವರೊಡನೆ ಆಗಿನ ತಂಡವೆಲ್ಲ ತೆರಳಿದಾಗ, ಕಾರ್ಯಕ್ರಮ ಉಳಿಯುವುದೇ ಅನುಮಾನವೆನಿಸಿದ್ದ ಹೊತ್ತಿನಲ್ಲಿ, ಹದಿಹರೆಯದ ಎಡ್ಡಿ ಮರ್ಫಿ ಅದಕ್ಕೆ ಜೀವ ತುಂಬಿದರು. 2003ರಿಂದ ಇಂದಿನವರೆಗೂ ತಂಡದಲ್ಲಿರುವ ಕೆನನ್ ಥಾಂಪ್ಸನ್ ಅವರಂಥವರು ಅಪರೂಪ. ಹೊಸಬರಿಗೆ ಜಾಗ ಬೇಕಾದರೆ ಹಳಬರು ಬಿಡಲೇಬೇಕು.

ತೊಂದರೆ ಇರುವುದು ನಿರ್ಧಾರದ ಕಾಲದಲ್ಲಿ. ಸೀಸನ್ ಮೇ ತಿಂಗಳಲ್ಲಿ ಮುಗಿಯುತ್ತದೆ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಹೆಚ್ಚಾಗಿ ಅನಂತರದ ಬಿಡುವಿನಲ್ಲಿ ಗೊತ್ತಾಗುತ್ತದೆ. 2022ರಲ್ಲಿ ಎಂಟು ಮಂದಿ ತಂಡ ತೊರೆದಾಗ ಈ ಭೇದ ಎದ್ದುಕಂಡಿತು. ಮೇ ತಿಂಗಳಲ್ಲೇ ಹೊರಟ ಕೇಟ್ ಮೆಕಿನನ್, ಅನ್ಯಗ್ರಹದವರು ಹೊತ್ತೊಯ್ದ ಹೆಂಗಸಿನ ತಮ್ಮ ಜನಪ್ರಿಯ ಪಾತ್ರದಲ್ಲೇ ಕೊನೆಯ ಬಾರಿ ಕಾಣಿಸಿಕೊಂಡು, ಆ ಪಾತ್ರದ ಬಾಯಿಂದಲೇ ಭೂಮಿಗೆ ವಿದಾಯ ಹೇಳಿ ನೌಕೆ ಏರಿದರು. ನಗುತ್ತಿದ್ದವರ ಕಣ್ಣು ತುಂಬಿಸಿದ ಪ್ರಸಂಗವದು. ಆರು ಸೀಸನ್ ದುಡಿದ ಅಲೆಕ್ಸ್ ಮೊಫಟ್, ಮೆಲಿಸ್ಸಾ ವಿಯಾಸೆನ್ಯೋರ್ ಅವರ ನಿರ್ಗಮನವಾದರೋ ಸೆಪ್ಟೆಂಬರಿನ ಸುದ್ದಿಯಾಗಿ ಮುಗಿಯಿತು.

ಬೇರೆ ಅವಕಾಶ, ಒಪ್ಪಂದ, ಬರಲಿರುವ ಹೊಸಬರು ಇವೆಲ್ಲ ನಿಶ್ಚಯವಾಗದೆ ಮೇ ತಿಂಗಳಲ್ಲೇ ತೀರ್ಮಾನಿಸುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಆದರೂ 2025ರ ಡಿಸೆಂಬರಿನಲ್ಲಿ, ಸೀಸನ್ನಿನ ನಡುವೆಯೇ ಹೊರಟ ಬೋವೆನ್ ಯಾಂಗ್ ಅವರಿಗೆ ಗೌರವದ ವಿದಾಯ ದೊರೆಯಿತಲ್ಲವೇ? ಬಿಡುವಿನಲ್ಲಿ ಹೊರಹೋಗುವವರನ್ನು ಹೊಸ ಸೀಸನ್ನಿನ ಮೊದಲ ಕಂತಿಗೆ ಅತಿಥಿಗಳಾಗಿ ಕರೆದು, ಅವರ ಮೆಚ್ಚಿನ ಪಾತ್ರವೊಂದಕ್ಕೆ ಐದು ನಿಮಿಷ ಬಿಟ್ಟುಕೊಟ್ಟರೆ ಸಾಕು. ತೊಂಬತ್ತು ನಿಮಿಷಗಳ ಕಾರ್ಯಕ್ರಮಕ್ಕೆ ಅದೇನೂ ಭಾರವಾಗದು.

– ಓರ್ವ ಓದುಗ